ಹೆಸರು ಬರೆಯದ ಚೀಟಿ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಮೊಣಕಾಲು ಈಗ ಹೇಗಿದೆ? ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ, ನನ್ನ ತಲೆ ಮೊದಲೇ ಗೊಂದಲದ ಗೂಡಾಗಿದೆ. ಅದಕ್ಕೇ ಕಾಗದ.

ನಮ್ಮ ಚರ್ಚ್ ಸಭೆಯ ಸುದ್ದಿಹಾಳೆ ಬರೆಯುವುದು ನನ್ನ ಪಾಲಿನ ಕೆಲಸವಲ್ಲವೇ. ಈ ಸಲ ಹಾಕಿದ್ದು ಇಷ್ಟು: ನರ್ಸಮ್ಮನಿಗೆ ಮೊಮ್ಮಗಳು ಹುಟ್ಟಿದಳು, ಕ್ವಾಯರ್ ಹಾಡಿನ ಅಭ್ಯಾಸ ಇನ್ನು ಮೇಲೆ ಶನಿವಾರ ಸಂಜೆ, ಚಾವಣಿ ಸೋರುವುದು ನಿಂತಿದೆ. ಹಾಕದೆ ಬಿಟ್ಟದ್ದನ್ನು ನಿನಗೆ ಬರೆಯುತ್ತಿದ್ದೇನೆ.

ಚರ್ಚಿನ ಬಾಗಿಲ ಬಳಿ ಒಂದು ಪೆಟ್ಟಿಗೆ ಇದೆ. ಯಾರಿಗಾಗಿ ಪ್ರಾರ್ಥಿಸಬೇಕೋ ಚೀಟಿಯಲ್ಲಿ ಬರೆದು ಹಾಕಿದರೆ ಪಾದ್ರಿಗಳು ಭಾನುವಾರ ಓದುತ್ತಾರೆ. ಆಚೆ ಭಾನುವಾರ ಪರೀಕ್ಷೆ, ಆಪರೇಷನ್ನು, ಸಕ್ಕರೆ ಕಾಯಿಲೆ ಎಲ್ಲ ಓದಿ ಕೊನೆಯ ಚೀಟಿ ಬಿಡಿಸಿದರು: "ಹೆಂಡತಿಗೆ ಹೇಳದೆ ಮುಚ್ಚಿಟ್ಟ ಒಂದು ವಿಷಯವಿದೆ. ಹೇಳುವ ಧೈರ್ಯ ಸಿಗಲೆಂದು ಪ್ರಾರ್ಥಿಸಿ." ಹೆಸರಿಲ್ಲ. ಪಾದ್ರಿಗಳು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ಅಕ್ಕ, ಅವತ್ತು ಕಣ್ಣು ಮುಚ್ಚಿದ ಹೆಂಗಸು ಒಬ್ಬಳೂ ಇರಲಿಲ್ಲ. ಎಲ್ಲರ ಕಣ್ಣೂ ಅವರವರ ಗಂಡನ ಮೇಲೆ!

ಆಮೇಲೆ ಮನೆಮನೆಯಲ್ಲೂ ವಿಚಾರಣೆ. ಬೇಕರಿಯವನು ಕದ್ದು ಸಿಗರೇಟು ಸೇದುವುದನ್ನು ಒಪ್ಪಿಕೊಂಡನಂತೆ. ಡ್ರಾಯಿಂಗ್ ಮಾಸ್ತರರು ಮದುವೆಯ ಮಾತುಕತೆಯಲ್ಲಿ ನಾಲ್ಕು ವರ್ಷ ವಯಸ್ಸು ನುಂಗಿದ್ದನ್ನು ಬಾಯಿಬಿಟ್ಟರಂತೆ. ಆದರೆ ಚೀಟಿ ತಮ್ಮದಲ್ಲ ಎಂದು ಇಬ್ಬರದೂ ಹಟ. ಅದು ಯಾರದ್ದೋ ಈ ಹೊತ್ತಿನವರೆಗೂ ಗೊತ್ತಾಗಿಲ್ಲ.

ನಾನು ನಕ್ಕಿದ್ದೇ ನಕ್ಕಿದ್ದು. ಬುಧವಾರ ನಮ್ಮವರ ವರ್ಕ್‌ಶಾಪಿಗೆ ಊಟದ ಡಬ್ಬಿ ಕೊಡಲು ಹೋದೆ. ಚರ್ಚಿಗೆ ಮಾಡಿದ ಹೊಸ ಬೆಂಚನ್ನು ಉಜ್ಜುತ್ತಾ ಕೂತಿದ್ದರು, ಮೀಸೆಯೆಲ್ಲ ಮರದ ಪುಡಿ. ತಮಾಷೆಗೆ ಕೇಳಿದೆ, "ಏನ್ರೀ, ಆ ಚೀಟಿ ನಿಮ್ದೇನಾ?"

ಉಜ್ಜುತ್ತಿದ್ದ ಕೈ ನಿಂತಿತು. "ಚೀಟಿ ನಂದಲ್ಲ ಕಣೇ. ಆದ್ರೆ ನಿಂಗೆ ಹೇಳ್ಬೇಕಾದ್ದು ಒಂದಿದೆ."

ಅರೆಗಳಿಗೆಯಲ್ಲಿ ನಾನು ಯಾವಳೋ ಒಬ್ಬಳನ್ನು ಕಲ್ಪಿಸಿಕೊಂಡು ಅವಳಿಗೆ ಸೀರೆಯನ್ನೂ ಉಡಿಸಿಬಿಟ್ಟಿದ್ದೆ. ಅವರು ತಲೆ ಎತ್ತದೆ ಹೇಳಿದರು: "ದೇವರಿದ್ದಾನೆ ಅಂತ ನಂಗೆ ಅನ್ಸಲ್ಲ. ಮದ್ವೆಗೆ ಮುಂಚೆನೂ ಅನ್ಸಿರ್ಲಿಲ್ಲ."

ಹತ್ತೊಂಬತ್ತು ವರ್ಷ, ಅಕ್ಕ! ಒಂದು ಭಾನುವಾರವೂ ತಪ್ಪಿಸದೆ ಮೂರನೆಯ ಸಾಲಿನಲ್ಲಿ ನನ್ನ ಪಕ್ಕ ಕೂತ ಮನುಷ್ಯ. ಸದ್ಯ, ಹೆಂಗಸಲ್ಲವಲ್ಲ ಎಂದು ಉಸಿರು ಬಿಡಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. "ಮತ್ಯಾಕೆ ಬರ್ತಿದ್ರಿ?" ಎಂದೆ.

"ನೀನು ಹಾಡೋದು ಕೇಳೋಕೆ. ನಿನ್ನ ನಂಬಿಕೆ ಇಬ್ಬರಿಗೂ ಸಾಕು ಅಂದ್ಕೊಂಡಿದ್ದೆ."

ಈಗ ಹೇಳಲು ಕಾರಣ ನಾನೇ. ಸಭೆಯ ಹಿರಿಯರ ಸ್ಥಾನಕ್ಕೆ ಇವರ ಹೆಸರು ಸೂಚಿಸಿದವಳು ನಾನು. ಮೊನ್ನೆ ಭಾನುವಾರ ಎಲ್ಲರೆದುರು ನಿಂತು "ನಂಬುತ್ತೇನೆ" ಎಂದು ಪ್ರಮಾಣ ಮಾಡಬೇಕಿತ್ತು. ಸುಮ್ಮನೆ ಕೂತಿರುವುದು ಬೇರೆ, ಎದ್ದು ನಿಂತು ಸುಳ್ಳು ಹೇಳುವುದು ಬೇರೆ ಎಂದರು. ನಾನೇನು ಮಾಡಿದೆ ಗೊತ್ತೇ? ನಾಚಿಕೆ ಬಿಟ್ಟು ಹೇಳುತ್ತೇನೆ, ಕೈ ಮುಗಿದೆ. ಒಂದೇ ಒಂದು ಮಾತು, ಅಂದುಬಿಡಿ, ಯಾರಿಗೆ ಗೊತ್ತಾಗುತ್ತೆ ಎಂದೆ. ದೇವರ ಮುಂದೆ ಸುಳ್ಳಾಡು ಎಂದು ನಾನು ಗೋಗರೆಯುವುದು, ದೇವರೇ ಇಲ್ಲವೆನ್ನುವವರು ಒಲ್ಲೆ ಎನ್ನುವುದು! ನಮ್ಮಿಬ್ಬರಲ್ಲಿ ಯಾರಿಗೆ ದೇವರ ಭಯವಿದೆಯೋ ನನಗೇ ಗೊತ್ತಾಗಲಿಲ್ಲ. ಎರಡು ದಿನ ಮಾತು ಬಿಟ್ಟೆ.

ಶನಿವಾರ ಇವರೇ ಹೋಗಿ ಪಾದ್ರಿಗಳಿಗೆ ಎಲ್ಲ ಹೇಳಿದರು. ಪಾದ್ರಿಗಳು ತುಂಬ ಹೊತ್ತು ಕನ್ನಡಕ ಒರೆಸಿ, "ಪ್ರಮಾಣ ಬೇಡ ಬಿಡಿ. ಬೆಂಚು ಮಾತ್ರ ಅಲ್ಲಾಡದ ಹಾಗೆ ನೋಡ್ಕೊಳ್ಳಿ," ಎಂದರಂತೆ. ಅಲ್ಲಿಗೇ ಮುಗಿಸಬಾರದೇ? ಭಾನುವಾರ ಹೊಸ ಹಿರಿಯರನ್ನು ಕರೆದಾಗ ನಮ್ಮವರು ಎದ್ದೇಬಿಟ್ಟರು. "ನಾನು ಇದಕ್ಕೆ ಆಗೋನಲ್ಲ. ನಂಗೆ ನಂಬಿಕೆ ಇಲ್ಲ," ಎಂದರು. ನಾನು ನೆಲ ನೋಡುತ್ತಾ ಕೂತೆ, ಯಾರು ಮೊದಲು ಎದ್ದು ಹೋಗುತ್ತಾರೋ ಎಂದು.

ಯಾರೂ ಹೋಗಲಿಲ್ಲ. ನರ್ಸಮ್ಮ ಕಣ್ಣೊರೆಸಿಕೊಂಡು, ಎಂಥ ವಿನಯ, ಇಂಥವರೇ ನಿಜವಾದ ವಿಶ್ವಾಸಿಗಳು ಎಂದರು. ಬೇಕರಿಯವನು ಬಂದು ಕೈ ಕುಲುಕಿದ. "ರೀ, ನಾನು ನಿಜವಾಗ್ಲೂ ಹೇಳಿದ್ದು," ಎಂದು ಇವರು ಹೇಳಿದಷ್ಟೂ ಜನಕ್ಕೆ ಗೌರವ ಹೆಚ್ಚುತ್ತಿತ್ತು. ದಾರಿಯಲ್ಲಿ ಪಾಪ, "ಇಷ್ಟು ವರ್ಷಕ್ಕೆ ಒಂದ್ಸಲ ನಿಜ ಹೇಳ್ದೆ ಕಣೇ, ಒಬ್ಬರಾದ್ರೂ ನಂಬಬೇಕಲ್ಲ?" ಎಂದರು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಇವರ ತೋಳು ಹಿಡಿದುಕೊಂಡೇ ಮನೆ ಸೇರಿದೆ.

ಬರುವ ಭಾನುವಾರವೂ ಬರುತ್ತಾರಂತೆ, ಅದೇ ಮೂರನೆಯ ಸಾಲಿಗೆ. ನಾನು ಸಂತೋಷಪಡಲೋ ಬೇಡವೋ, ನೀನೇ ಬರೆ.

ಭಾವನಿಗೆ ನಮಸ್ಕಾರ ತಿಳಿಸು. ಈ ವಿಷಯ ಬೇಡ, ಬರೀ ನಮಸ್ಕಾರ.

ಏನೂ ತೋಚದೆ ಕೂತಿರುವ
ನಿನ್ನ ತಂಗಿ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇದೊಂದು. ಅಮ್ಮನನ್ನು ಮಣ್ಣು ಮಾಡಿ ಬಂದ ದಿನದಿಂದ ನನಗೂ ಪ್ರಾರ್ಥನೆ ಬರುತ್ತಿಲ್ಲ ಅಕ್ಕ. ಹಾಡುತ್ತೇನೆ, ಬಾಯಿಪಾಠವಿದೆ, ಒಳಗೆ ಮಾತ್ರ ಬರೀ ಖಾಲಿ. ಹದಿನಾಲ್ಕು ತಿಂಗಳಾಯಿತು. ನೀನು ಹೇಳಿದ್ದಕ್ಕೆಲ್ಲ ಹೂಂ ಎಂದವಳು ನಾನು. ಈ ಸಲ "ಗಂಡನಿಗೆ ಹೇಳಿಬಿಡು" ಎಂದು ಮಾತ್ರ ಬರೆಯಬೇಡ.