ನೀನು ಕಟ್ಟಿಟ್ಟ ಏಳು ಲಡಿ

ಮಗ್ಗದ ಕೋಣೆ,
ಶುಕ್ರವಾರ, ಮಾರ್ಚ್ ೧೪

ಪ್ರೀತಿಯ ಚಿಕ್ಕೀ,

ಹೇಗಿದ್ದೀಯೇ? ಕೆಮ್ಮು ಬಿಟ್ಟಿತಾ? ನೂಲಿಗೆ ಬಣ್ಣ ಹಾಕುವುದನ್ನು ಕಲಿಯುತ್ತೇನೆಂದು ದಿನವಿಡೀ ಆ ಹಬೆಯಲ್ಲಿ ನಿಂತರೆ ಬಿಡುವುದಾದರೂ ಹೇಗೆ! ಬೆಚ್ಚಗೆ ಏನಾದರೂ ಕುಡಿ. ಇಲ್ಲಿ ನಾವಿಬ್ಬರೂ ಆರಾಮ. ಅಮ್ಮನ ಕಣ್ಣಿನ ಪೊರೆ ಮಾತ್ರ ಬಲಿತಿದೆ. ಬಣ್ಣ ಗೊತ್ತಾಗುವುದಿಲ್ಲ, ಬೆಳಕು ನೆರಳಷ್ಟೇ ಕಾಣುತ್ತದಂತೆ. ಆದರೂ ದಿನಕ್ಕೆ ಹತ್ತು ಸಲ "ಚಿಕ್ಕಿ ಇದ್ದಿದ್ರೆ..." ಎಂದು ಶುರು ಮಾಡುತ್ತಾಳೆ.

ವಾಚನಾಲಯದ ಗೋಡೆಗೆಂದು ಒಪ್ಪಿಕೊಂಡಿದ್ದ ಚಿತ್ರ ನೇಯ್ಗೆ, ಅದೇ, ಪೊದೆಯೊಳಗೆ ಕೂತ ಹಕ್ಕಿ, ನೀನು ಊರು ಬಿಟ್ಟ ವಾರವೇ ನಾನು ಶುರು ಮಾಡಿದೆ. ಅದಕ್ಕೆಂದೇ ನೀನು ಏಳು ಲಡಿ ಉಣ್ಣೆ ನೂಲನ್ನು ತಿಳಿಯಿಂದ ಗಾಢಕ್ಕೆ ಸಾಲಾಗಿ ಕಟ್ಟಿ ಕಪಾಟಿನಲ್ಲಿಟ್ಟು ಹೋಗಿದ್ದೆಯಲ್ಲ? ಬೂದು, ಮಾಸಲು ಹಳದಿ, ಕೆಸರಿನಂಥ ಒಂದು ಕಂದು. ನೋಡಿದ್ದೇ ಮೈ ಉರಿದುಹೋಯಿತು. ಎಂಟು ವರ್ಷ ದೊಡ್ಡವಳು ನಾನು, ಮಗ್ಗಕ್ಕೆ ಹಾಸುನೂಲು ಬಿಗಿದು ಬಿಗಿದು ಬೆರಳು ಸವೆಸಿಕೊಂಡವಳು ನಾನು. ಬಣ್ಣ ಆರಿಸುವಾಗ ಮಾತ್ರ ಅಮ್ಮ ಕರೆಯುತ್ತಿದ್ದದ್ದು ನಿನ್ನನ್ನು. ಹೌದು ಕಣೇ, ಹೊಟ್ಟೆಕಿಚ್ಚು. ನಿನ್ನ ಕಟ್ಟನ್ನು ಹಳೆ ಕಂಬಳಿಯ ಕೆಳಗೆ ತುರುಕಿ, ಅಂಗಡಿಗೆ ಹೋಗಿ ಕಣ್ಣು ಕುಕ್ಕುವ ಕೆಂಪು, ಹಚ್ಚ ಹಸಿರು ಆರಿಸಿ ತಂದೆ. ಕೆಂಪು ಹಕ್ಕಿ, ಹಸಿರು ಪೊದೆ. ಇನ್ನೇನು ಬೇಕು ಅಂದುಕೊಂಡೆ.

ಒಂದೂವರೆ ತಿಂಗಳು ನೇಯ್ದೆ. ಮುಗಿಯುತ್ತಾ ಬಂದಾಗ ಅಮ್ಮನನ್ನು ಕೈಹಿಡಿದು ಕರೆತಂದು ಮಗ್ಗದ ಮುಂದೆ ನಿಲ್ಲಿಸಿದೆ. ಸುಮಾರು ಹೊತ್ತು ನೋಡಿ, "ಪೊದೆ ಚೆನ್ನಾಗಿದೆ. ಹಕ್ಕಿ ಯಾವಾಗ ನೇಯ್ತೀಯಾ?" ಅಂದಳು. ಪೊರೆ ಬಂದ ಕಣ್ಣಿಗೆ ಏನು ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಅವಳು ಪಕ್ಕದ ಗೋಡೆಯ ಮೇಲಿದ್ದ, ನೀನು ಹಿಂದೆ ನೇಯ್ದ ಮೀನಿನತ್ತ ತಿರುಗಿ, "ನೋಡು, ಚಿಕ್ಕಿ ಮೀನಿನ ಬಾಲ ಕೂಡ ಕಾಣ್ತದೆ ನಂಗೆ" ಅಂದಳು. ಆವತ್ತು ನನಗೆ ಊಟ ಸೇರಲಿಲ್ಲ.

ಮರುದಿನ ಉಳಿದ ನೂಲಿನ ತುಂಡುಗಳನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಗಾಜಿನ ಮೇಲೆ ಹರಡಿದೆ. ನೀನು ಹಾಗೆ ಮಾಡುವಾಗ ಬಿದ್ದುಬಿದ್ದು ನಗುತ್ತಿದ್ದವಳು ನಾನೇ. "ಏನಕ್ಕಾ, ಈ ಸಲ ನೀವೇ ಬಂದ್ರಾ?" ಎಂದು ಅಂಗಡಿಯವನು ಬೇರೆ! ಕಪ್ಪು ಬಿಳುಪಿನ ಹಾಳೆ ಹೊರಬಂತು. ಎರಡೂ ಒಂದೇ ಬೂದು. ಯಾವುದು ಕೆಂಪು, ಯಾವುದು ಹಸಿರು ಎಂದು ನನಗೇ ತಿಳಿಯಲಿಲ್ಲ. ಬಣ್ಣ ಬೇರೆಯಾದರೆ ಸಾಕು ಅಂದುಕೊಂಡಿದ್ದೆ. ಎಷ್ಟು ತಿಳಿ, ಎಷ್ಟು ಗಾಢ ಎಂದು ನೋಡಿಯೇ ಇರಲಿಲ್ಲ. ಅಮ್ಮನ ಕಣ್ಣು ಸರಿಯಾಗಿಯೇ ನೋಡಿತ್ತು.

ಅಳುತ್ತಾ ಇಡೀ ನೇಯ್ಗೆಯನ್ನು ಬಿಚ್ಚಿದೆ. ಕಂಬಳಿಯ ಕೆಳಗಿಂದ ನಿನ್ನ ಕಟ್ಟನ್ನು ಎಳೆದೆ. ಮತ್ತೆ ಅಷ್ಟೇ ದಿನ, ನಿನ್ನನ್ನು ಬೈಯುತ್ತಲೇ ನೇಯ್ದೆ. ಆ ದರಿದ್ರ ಮಾಸಲು ಹಳದಿ ಕೆಸರುಗಂದಿನ ಪಕ್ಕ ಬಂದದ್ದೇ ತಡ, ಹಕ್ಕಿ ಕತ್ತೆತ್ತಿ ಕೂತಿತು. ಸೋಮವಾರ ಅಮ್ಮ ಬಾಗಿಲಲ್ಲೇ ನಿಂತು, "ಅಗೋ, ಹಕ್ಕಿ! ಬಣ್ಣ ನೀನೇ ಆರಿಸಿದ್ಯಾ?" ಅಂದಳು. ಹೂಂ ಅಂದೆ. ಹತ್ತಿರ ಬಂದು ನನ್ನ ತಲೆ ಸವರಿದಳು. ಹಿಂದೆ ಯಾವಾಗ ಸವರಿದ್ದಳೋ ನೆನಪಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಬಣ್ಣದ ಕಲೆಯೊಂದು ಬಿಟ್ಟು ಬೇರೆ ಯಾವ ನೋವೂ ತಾಗದಿರಲಿ.

ನಿನ್ನ ಸಿಡುಕಿ ಅಕ್ಕ

ಮರೆತಿದ್ದೆ: ಬರುವ ಗುರುವಾರ ಅಮ್ಮನ ಕಣ್ಣಿನ ಆಪರೇಷನ್. ಮರುದಿನ ಪಟ್ಟಿ ಬಿಚ್ಚುತ್ತಾರೆ. ಬಣ್ಣ ಕಂಡ ಕೂಡಲೇ ಇದು ಯಾರು ಆರಿಸಿದ್ದೆಂದು ಅವಳಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೆ ಮುಂಚೆ ನಾನೇ ಹೇಳಬೇಕು. ನಾಲ್ಕು ದಿನದಿಂದ ಬಾಯೇ ಬರುತ್ತಿಲ್ಲ. ಬುಧವಾರವೇ ಬಂದುಬಿಡು. ನೀನು ಪಕ್ಕದಲ್ಲಿದ್ದರೆ ಹೇಳಿಬಿಡುತ್ತೇನೆ. ಹಕ್ಕಿಯ ಹೊಗಳಿಕೆಯನ್ನೆಲ್ಲ ನೀನೇ ಇಟ್ಟುಕೋ, ಆದರೆ ಅಮ್ಮ ಆವತ್ತು ತಲೆ ಸವರಿದ್ದನ್ನು ಮಾತ್ರ ನಿನಗೆ ಕೊಡುವುದಿಲ್ಲ.