ಮೇಜಿನ ಹಿಂದಿನ ಮೆತ್ತೆ

ಪ್ರೀತಿಯ ಸಾಹೇಬರೇ,

ಹಾಗೇ ಕರೆಯುತ್ತೇನೆ. ಟಿವಿಯ ನಗೆ ಕಾರ್ಯಕ್ರಮದಲ್ಲಿ ಆರು ವರ್ಷ ನೀನು ಸಾಹೇಬ, ನಾನು ಗುಮಾಸ್ತ. ಇವತ್ತಿಗೂ ತರಕಾರಿ ಅಂಗಡಿಯವನು ನನ್ನ ಊರುಗೋಲು ನೋಡಿ, "ಕೂತ್ಕೊಳ್ಳಿ ಗುಮಾಸ್ತ್ರೇ, ಕುರ್ಚಿ ಎಳೆಯಲ್ಲ!" ಎಂದು ಹಲ್ಲು ಕಿರಿಯುತ್ತಾನೆ. ನಾನೂ ನಗುತ್ತೇನೆ. ನಗದಿದ್ದರೆ ಕೊಳೆತ ಟೊಮೆಟೊ ತೂಗಿಬಿಡುತ್ತಾನೆ.

ನಮ್ಮ ಕುರ್ಚಿ ಸೀನು ನಿನಗೆ ಮರೆತಿರಲಿಕ್ಕಿಲ್ಲ. ನಾನು ಫೈಲು ಹಿಡಿದು ಬರಬೇಕು, ನೀನು "ಕೂತ್ಕೊಳ್ಳಿ" ಎನ್ನಬೇಕು, ನಾನು ಕೂರುವಷ್ಟರಲ್ಲಿ ಕುರ್ಚಿ ಎಳೆಯಬೇಕು. ಮೇಜಿನ ಮರೆಯಲ್ಲಿ ಸ್ಪಂಜಿನ ಮೆತ್ತೆ. ಅದರ ಮೇಲೆ ಧೊಪ್ಪೆಂದು ಬಿದ್ದರೆ ಮುಂದೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಿಯಮ ಒಂದೇ, ಅದೂ ನೀನು ಕಲಿಸಿದ್ದು: "ಹಿಂದೆ ತಿರುಗಿ ನೋಡ್ಬೇಡ್ವೋ. ನೋಡಿದ್ರೆ ನಗು ಸತ್ತೋಗುತ್ತೆ." ಆರು ವರ್ಷ ಒಮ್ಮೆಯೂ ನೋಡಲಿಲ್ಲ. ನಿನ್ನನ್ನು ನಂಬಿದ್ದೆ, ಕತ್ತೆ ನಾನು.

ಆವತ್ತು ಮಾತ್ರ ಬಿದ್ದದ್ದು ಬರೀ ಸಿಮೆಂಟಿನ ಮೇಲೆ. ಸೊಂಟದ ಮೂಳೆ ಲಟಕ್ಕೆಂದಿತು, ನಾನು ಅರಚಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೀನು ಬಗ್ಗಿ, ಬರೆದುಕೊಟ್ಟಿರದ ಮಾತೊಂದನ್ನು ಆಡಿದೆ: "ಇನ್ನೊಂದ್ಸಲ ಬೀಳ್ತೀರಾ ಗುಮಾಸ್ತ್ರೇ?" ಮಾರನೆಯ ದಿನದಿಂದ ಊರೆಲ್ಲ ಅದೇ ಮಾತು. ಆಸ್ಪತ್ರೆಗೆ ಸೇಬು ಹಿಡಿದು ಬಂದ ನೀನು, "ಬೀಳೋದಕ್ಕೂ ಬರಲ್ವಲ್ಲೋ ನಿಂಗೆ!" ಎಂದೆ. ಕಾರ್ಯಕ್ರಮ ಕೆಡಿಸಿದೆನೆಂದು ನಾನು ಕೈ ಮುಗಿದು ನಿನ್ನ ಕ್ಷಮೆ ಕೇಳಿದೆ. ಇವತ್ತು ಸೊಂಟಕ್ಕಿಂತ ಹೆಚ್ಚು ಉರಿಯುವುದು ಆ ಕ್ಷಮೆ. ನನ್ನವಳು ಸಾಯುವವರೆಗೂ ನನ್ನ ಬೂಟಿನ ದಾರ ಕಟ್ಟಿದಳು, ಕಟ್ಟುವಾಗೆಲ್ಲ "ಜೋಪಾನವಾಗಿ ಬೀಳೋಕಾಗ್ಲಿಲ್ವಾ?" ಎಂದು ಬೈದಳು. ಆ ಬೈಗುಳವೆಲ್ಲ ನಿನ್ನ ಪಾಲಿನದು ಕಣೋ.

ಹೋದ ವಾರ ಚಾನೆಲ್ಲಿನ ಟೇಪು ಕೋಣೆಯ ಹುಡುಗಿ ಫೋನು ಮಾಡಿದಳು. ಆ ಕಾಲದ ಮರೆಯಲಾಗದ ನಗೆ ತುಣುಕುಗಳನ್ನು ಆರಿಸುತ್ತಿದ್ದಳಂತೆ. ನಮ್ಮದಕ್ಕೆ ಮೊದಲ ಸ್ಥಾನ. ಕತ್ತರಿ ಹಾಕದ ಟೇಪು ತೋರಿಸಿ ಪಾಪ ಅವಳೇ ತಲೆ ತಗ್ಗಿಸಿದಳು. ಸೀನಿಗೆ ಮೊದಲೇ ಕ್ಯಾಮೆರಾ ಓಡುತ್ತಿತ್ತು. ನೀನು ಟೀ ಕುಡಿಯುತ್ತಾ ಬರುತ್ತೀಯ, ಅತ್ತಿತ್ತ ನೋಡುತ್ತೀಯ, ಬೂಟಿನ ತುದಿಯಿಂದ ಮೆತ್ತೆಯನ್ನು ಎರಡು ಗೇಣು ಆಚೆ ತಳ್ಳುತ್ತೀಯ. ಆ ವಾರ ವೀಕ್ಷಕರ ಕಾಗದಗಳು ನನಗೆ ಒಂದು ಚೀಲದ ತುಂಬ ಬಂದಿದ್ದವು, ನಿನಗೆ ಎರಡೇ ಎರಡು ಕಾಗದ. ಅದರಲ್ಲಿ ಒಂದು ನಿನ್ನ ತಂಗಿಯದು. ಅಷ್ಟಕ್ಕೇ ನನ್ನ ಸೊಂಟ ಬೇಕಾಯಿತೇನೋ?

ಇರಲಿ. ಆ ತುಣುಕುಗಳ ಕಾರ್ಯಕ್ರಮದ ಭಾನುವಾರದ ನೇರ ಪ್ರಸಾರಕ್ಕೆ ನೀನು ಒಪ್ಪಿದ್ದೀಯ. ಅದೇ ಸೀನು, ಪಾತ್ರ ಅದಲುಬದಲು. ನಾನು ಸಾಹೇಬ, ಊರುಗೋಲಿನ ಕೊಕ್ಕೆಯಿಂದ ಕುರ್ಚಿ ಎಳೆಯುತ್ತೇನೆ. ಕೂರುವವನು ನೀನು. ಜ್ವರ ಗಿರ ಎಂದು ಹಠಾತ್ತನೆ ಮಲಗಬೇಡ, ನೀನು ಬಾರದಿದ್ದರೆ ಆ ಹೊತ್ತಿಗೆ ಟೇಪು ಹಾಕಿಸುತ್ತೇನೆ, ಊರೆಲ್ಲ ನೋಡಲಿ. ಮೆತ್ತೆ ಹಾಸುವ ಕೆಲಸವನ್ನೂ ನಾನೇ ಕೇಳಿ ಪಡೆದಿದ್ದೇನೆ. ಎಲ್ಲಿ ಹಾಸುವುದೆಂದು, ನಿನ್ನಾಣೆ, ಇನ್ನೂ ತೀರ್ಮಾನಿಸಿಲ್ಲ.

ಬಾ, ಧೈರ್ಯವಾಗಿ ಕೂತ್ಕೋ. ಹಿಂದೆ ತಿರುಗಿ ಮಾತ್ರ ನೋಡಬೇಡ.

ಭಾನುವಾರದವರೆಗಾದರೂ ನಿನ್ನ ಮೂಳೆಗಳು ಗಟ್ಟಿಯಾಗಿರಲಿ ಎಂದು ಹರಸುವ,
ನಿನ್ನ ಗುಮಾಸ್ತ