ಚಾಕೊಲೇಟ್ ರಕ್ತ

ಫೇರ್‌ಫ್ಯಾಕ್ಸ್,
ನವೆಂಬರ್ 24, 2023

ಪ್ರೀತಿಯ ಮಧುರಾ,

ಷಾರ್ಲೆಟ್‌ನಿಂದ ನೀನು ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ. "ಸಿನಿಮಾ ರಕ್ತಕ್ಕೆಲ್ಲಾ ಪೊಲೀಸ್ ಕೇಸ್ ಯಾಕೆ ಕಣೇ, ಇಂದು? ಅಣ್ಣನ ವೀಸಾ ಏನಾಗುತ್ತೆ ಯೋಚನೆ ಮಾಡಿದ್ಯಾ?" ಅಂದಿದ್ದೀಯ. ನೀನು ನನಗೆ ನಾದಿನಿಗಿಂತ ಹೆಚ್ಚಾಗಿ ಗೆಳತಿ. ಫೋನಿನಲ್ಲಾದರೆ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಆ ಸಿನಿಮಾ ರಕ್ತ ಮಾಡಿದ್ದು ನಾನೇ. ಕನ್ನಡ ಸಂಘದ ಅವಿನಾಶ್ ತನ್ನ ದೆವ್ವದ ಕಿರುಚಿತ್ರವನ್ನು ಹಳೆಯ ಕಾಲದವರಂತೆ ಕಪ್ಪು-ಬಿಳುಪಿನಲ್ಲೇ ತೆಗೆಯುತ್ತೇನೆಂದು ಹಟ ಹಿಡಿದಿದ್ದ. ಆಗೆಲ್ಲ ಚಾಕೊಲೇಟ್ ಸಿರಪ್ಪನ್ನೇ ರಕ್ತವೆಂದು ಸುರಿಯುತ್ತಿದ್ದರಂತೆ. ಕೆಂಪು ನೀರು ಆ ಕ್ಯಾಮೆರಾಕ್ಕೆ ತೆಳ್ಳಗೆ, ಬೂದಿ ಬಣ್ಣವಾಗಿ ಕಾಣುತ್ತದೆ. ಸಿರಪ್ ಕಡುಕಪ್ಪಾಗಿ, ದಪ್ಪಗೆ, ನಿಧಾನವಾಗಿ ಇಳಿಯುತ್ತದೆ. ಸ್ವಲ್ಪ ಬಿಸಿನೀರು ಬೆರೆಸಿ ಹದ ಮಾಡಿ ಹಣೆಗೆ ಸುರಿದುಕೊಂಡೆ. ಶೂಟಿಂಗ್ ನಡೆಯುತ್ತಿದ್ದ ಬೇಸ್‌ಮೆಂಟ್ ತುಂಬ ಹುಟ್ಟುಹಬ್ಬದ ವಾಸನೆ.

ಹೆಂಡತಿಯ ಪಾತ್ರ ನನ್ನದು, ಅವಳನ್ನು ಕೊಲ್ಲುವ ಗಂಡನ ಪಾತ್ರ ನಿನ್ನಣ್ಣನದು. ಎಷ್ಟು ಸಲ ತೆಗೆದರೂ ಸರಿಯಾಗಲಿಲ್ಲ. "ಪ್ರಶಾಂತ್, ಇಂದು ಎಷ್ಟು ಚೆನ್ನಾಗಿ ಮಾಡ್ತಿದ್ದಾಳೆ ನೋಡು, ನೀನು ಕೊರಡಿನ ಥರ ನಿಂತಿದ್ದೀಯಲ್ಲೋ!" ಎಂದ ಅವಿನಾಶ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಪ್ರಶಾಂತನ ದವಡೆ ಬಿಗಿಯಿತು. ಆ ದವಡೆ ನನಗೆ ಹೊಸದಲ್ಲ.

ಮುಂದಿನ ಟೇಕ್‌ನಲ್ಲಿ ರಬ್ಬರ್ ಚಾಕು ಬಿಸಾಕಿ, ನನ್ನ ಜುಟ್ಟು ಹಿಡಿದು, ಮುಖವನ್ನು ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಅಪ್ಪಳಿಸಿದ. ಮೂಗು ಮುರಿದ ಸದ್ದು ತಲೆಯೊಳಗಿನಿಂದ ಕೇಳಿಸಿತು. ಮತ್ತೆ ಅಪ್ಪಳಿಸಿದ. ಮಾನಿಟರ್ ನೋಡುತ್ತಿದ್ದ ಅವಿನಾಶ್‌ಗೆ ಸಿರಪ್ಪೂ ರಕ್ತವೂ ಎಲ್ಲವೂ ಕಪ್ಪೇ. "ಸೂಪರ್! ಕಟ್ ಇಲ್ಲ, ಕಂಟಿನ್ಯೂ ಮಾಡಿ!" ಎಂದು ಕೂಗಿದ. ನನ್ನ ಕಿರುಚಾಟ ನಟನೆಯಾಯಿತು. ಕೈಗೆ ಸಿಕ್ಕ ಪ್ರಶಾಂತನ ಮಣಿಕಟ್ಟನ್ನು ಹಲ್ಲು ಮೂಳೆಗೆ ತಾಗುವಂತೆ ಕಚ್ಚಿದೆ. ಬಿದ್ದವಳ ಪಕ್ಕೆಗೆ ಒದ್ದ, ಮತ್ತೆ ಒದ್ದ. ಲೈಟ್ ಹಿಡಿದಿದ್ದ ನನ್ನ ಗೆಳತಿ ವೇದಾ ಮಾತ್ರ ಕಂದು ಸಿರಪ್ಪಿನ ಮೇಲೆ ಹರಿಯುತ್ತಿದ್ದ ಕೆಂಪನ್ನು ಕಂಡಳು. "ಅದು ನಿಜವಾದ ರಕ್ತ ಕಣ್ರೋ!" ಎಂದು ಚೀರಿ, ಲೈಟ್ ಸ್ಟ್ಯಾಂಡಿನಿಂದಲೇ ಅವನ ಭುಜಕ್ಕೆ ಬಾರಿಸಿದಳು.

ಪೊಲೀಸರ ಮುಂದೆ ಅವನು ನಗುನಗುತ್ತ, ಎಲ್ಲಾ ಬರೀ ಚಾಕೊಲೇಟ್, ಬೇಕಾದರೆ ನೆಕ್ಕಿ ನೋಡಿ ಎಂದ. ಆಸ್ಪತ್ರೆಯಲ್ಲಿ ಗಾಯ ಎಲ್ಲಿದೆಯೆಂದು ತಿಳಿಯಲು ನರ್ಸ್ ನನ್ನ ಮುಖವನ್ನು ತೊಳೆಯುತ್ತಲೇ ಇದ್ದಳು.

ಈಗ ವೇದಾಳ ಮನೆಯಲ್ಲಿದ್ದೇನೆ. ಮೂಗು ಸೊಟ್ಟಗೆ ಕೂಡಿಕೊಂಡಿದೆ. ವೀಸಾ ಯೋಚನೆ ಮಾಡದೆ ಇಲ್ಲ ಮಧುರಾ, ನನ್ನದೂ ಅವನ ವೀಸಾಕ್ಕೇ ತಗುಲಿಕೊಂಡಿದೆಯಲ್ಲ. ಆದರೂ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತೇನೆ. ನನ್ನ ಮೇಲೆ ಕೋಪ ಮಾಡಿಕೊಂಡರೂ ಮಾತು ಬಿಡಬೇಡ.

ನಿನ್ನವಳೇ ಆದ,
ಇಂದು

ತಾ.ಕ.: ಎರಡನೆಯ ಸಲ ಅಪ್ಪಳಿಸುವ ಮುಂಚೆ ಅವನು ನನ್ನ ಕಿವಿಯಲ್ಲಿ, "ಚಿಕ್ಕವಳಿದ್ದಾಗ ಮಧುರಾನೂ ಹೀಗೇ ಕಿರುಚ್ತಿದ್ಲು, ಆಮೇಲೆ ಸುಮ್ಮನಾಗೋದು ಕಲಿತ್ಲು" ಅಂದ. ಇದೊಂದನ್ನು ಪೊಲೀಸರಿಗೆ ಹೇಳಿಲ್ಲ. ಹೇಳುವುದಾದರೆ ನೀನೇ ಹೇಳಬೇಕು.